ಎರಡೆರಡು ಕ್ಯಾಶ್ ಪ್ಲಗಿನ್ ಹಾಕಿದರೂ ಬ್ಲಾಗ್ ತೆವಳುತ್ತಿದೆ (ಷೇರ್ಡ್ ಹೋಸ್ಟಿಂಗ್)

ಇರುಳುಗಣ್ಣು

2014ರಿಂದ ಒಂದು ಬ್ಲಾಗ್ ನಡೆಸುತ್ತಿದ್ದೇನೆ. ರಾತ್ರಿ ಆಕಾಶ ನೋಡುವುದು, ಕ್ಯಾಮೆರಾ ಇಟ್ಟು ಫೋಟೊ ತೆಗೆಯುವುದು, ಮಾರನೆಯ ದಿನ ಕಂಡದ್ದನ್ನು ಬರೆಯುವುದು, ಇಷ್ಟೇ ಅದರ ವಿಷಯ. ಈವರೆಗೆ 612 ಬರಹಗಳಾಗಿವೆ. ವರ್ಡ್‌ಪ್ರೆಸ್, ಷೇರ್ಡ್ ಹೋಸ್ಟಿಂಗ್, ಅದನ್ನು ನಿಭಾಯಿಸಲು ಸಿಪ್ಯಾನೆಲ್ ಎಂಬ ಫಲಕ. ದಿನಕ್ಕೆ ಮುನ್ನೂರು ನಾನ್ನೂರು ಓದುಗರು ಬರುತ್ತಾರೆ. ಗ್ರಹಣವೋ ಧೂಮಕೇತುವೋ ಇದ್ದ ದಿನ ಮಾತ್ರ ಸಾವಿರಾರು.

ಮೊದಲು ಪುಟ ತೆರೆಯಲು ಎರಡು ಸೆಕೆಂಡು ಸಾಕಾಗುತ್ತಿತ್ತು. ಈಗ ಆರೇಳು ಸೆಕೆಂಡು ಬಿಳಿಯ ಪರದೆ. ಕಳೆದ ಚಂದ್ರಗ್ರಹಣದ ರಾತ್ರಿಯಂತೂ ಓದುಗರು ಬರತೊಡಗಿದ ಅರ್ಧ ಗಂಟೆಗೆ ‘508’ ಎಂಬ ದೋಷ ಸೂಚನೆ ತೋರಿಸಿ ತಾಣ ಕೈಚೆಲ್ಲಿತು. ಗ್ರಹಣ ಹಿಡಿದದ್ದು ಚಂದ್ರನಿಗೋ ನನ್ನ ಬ್ಲಾಗಿಗೋ ಎಂದು ಓದುಗರೊಬ್ಬರು ಕೇಳಿದರು. ನಗು ಬರಲಿಲ್ಲ.

ಮಾಡಿ ನೋಡಿದ್ದು: ಎರಡು ಕ್ಯಾಶ್ ಪ್ಲಗಿನ್ ಹಾಕಿದೆ (ತಯಾರಾದ ಪುಟದ ಪ್ರತಿ ಇಟ್ಟುಕೊಂಡು ಬೇಗ ಕೊಡುವ ಸೇರ್ಪಡೆ ತಂತ್ರಾಂಶ, ಒಂದು ಸಾಲದು ಅನ್ನಿಸಿತು), ಚಿತ್ರಗಳನ್ನು ಕುಗ್ಗಿಸುವ ಪ್ಲಗಿನ್ ಹಾಕಿದೆ, ಡೇಟಾಬೇಸ್ ಶುಚಿಗೊಳಿಸುವುದೊಂದು, ಸ್ಟೈಲ್ ಮತ್ತು ಸ್ಕ್ರಿಪ್ಟ್ ಕಡತಗಳನ್ನೆಲ್ಲ ಸೇರಿಸಿ ಒಂದಾಗಿಸುವುದು ಇನ್ನೊಂದು. ಈ ಕೊನೆಯದನ್ನು ಹಾಕಿದ ಮೇಲೆ ಮೊಬೈಲ್‌ನಲ್ಲಿ ಮೆನು ತೆರೆಯುತ್ತಲೇ ಇಲ್ಲ. ಒಟ್ಟು ಪ್ಲಗಿನ್‌ಗಳು 34. ವೇಗ ಅಳೆಯುವ ತಾಣ ಮೊಬೈಲ್‌ಗೆ 31 ಅಂಕ ಕೊಟ್ಟಿದೆ. ಹೋಸ್ಟಿಂಗ್‌ನವರಿಗೆ ಮೂರು ಬಾರಿ ಬರೆದೆ. ಮೂರು ಬಾರಿಯೂ ಒಂದೇ ಉತ್ತರ: ದೊಡ್ಡ ಪ್ಲಾನ್ ತೆಗೆದುಕೊಳ್ಳಿ.

ನಾನು ಪ್ರೋಗ್ರಾಮರ್ ಅಲ್ಲ. ಹೀಗೆ ಮಾಡಿ ಎಂದರೆ ಕಡತ ತೆರೆದು ಒಂದು ಸಾಲು ಸೇರಿಸಬಲ್ಲೆ, ಅಷ್ಟೇ. ಎಲ್ಲಿಂದ ಶುರುಮಾಡಲಿ?

ದಾರಿಹೋಕ

ನಾನೂ ಇದೇ ಪಾಡು ಪಟ್ಟವನು. ಷೇರ್ಡ್ ಹೋಸ್ಟಿಂಗ್ ಎಂದರೆ ನೂರಾರು ತಾಣಗಳು ಒಂದೇ ಯಂತ್ರದ ಮೇಲೆ. ಪಕ್ಕದವನ ಗದ್ದಲಕ್ಕೆ ನಮ್ಮ ನಿದ್ದೆ ಹಾಳು. ಒಂದು ವಿಪಿಎಸ್ (ನಮಗೇ ಮೀಸಲಾದ ವರ್ಚುವಲ್ ಸರ್ವರ್) ತೆಗೆದುಕೊಂಡು ಅಲ್ಲಿಗೆ ಸಾಗಿಸಿ, ಮುಗಿಯಿತು. ಇಲ್ಲವೇ ವರ್ಡ್‌ಪ್ರೆಸ್ಸನ್ನೇ ಬಿಟ್ಟು ಹ್ಯೂಗೊದಂತಹ ಸಾಧನದಿಂದ ಸ್ಥಿರ ಪುಟಗಳನ್ನು ತಯಾರಿಸಿ ಇಡಿ.

ಲಾಗ್‌ಪುಸ್ತಕ

ದಾರಿಹೋಕ ಅವರೇ, ಹುಣ್ಣಾಗಿದೆ ಎಂದರೆ ಅಂಗಿ ಬದಲಿಸಿ ಎಂದಂತಾಯಿತು. ಒಳಗೆ ಏನು ತಡೆಯುತ್ತಿದೆ ಎಂದು ತಿಳಿಯದೆ ಸಾಗಿಸಿದರೆ ಅದೂ ಜೊತೆಗೇ ಬರುತ್ತದೆ. ಮೇಲಾಗಿ ವಿಪಿಎಸ್ ಎಂದರೆ ನವೀಕರಣ, ಫೈರ್‌ವಾಲ್, ಬ್ಯಾಕಪ್ ಎಲ್ಲಕ್ಕೂ ನಾವೇ ಕಾವಲುಗಾರರು. ಆಕಾಶ ನೋಡುವವರಿಗೆ ರಾತ್ರಿ ಬೇರೆ ಕೆಲಸವಿರುತ್ತದೆ.

ಇರುಳುಗಣ್ಣು ಅವರೇ, ನಾನು ಒಂದು ಹೋಸ್ಟಿಂಗ್ ಕಂಪನಿಯ ಸಹಾಯ ವಿಭಾಗದಲ್ಲಿ ಆರು ವರ್ಷ ರಾತ್ರಿಪಾಳಿ ಮಾಡಿದವನು. ‘ದೊಡ್ಡ ಪ್ಲಾನ್ ತೆಗೆದುಕೊಳ್ಳಿ’ ಎಂಬ ಸಿದ್ಧ ಉತ್ತರವನ್ನು ನಾನೂ ನೂರಾರು ಜನರಿಗೆ ಅಂಟಿಸಿದ್ದೇನೆ. ಆ ಪಾಪ ಕಳೆದುಕೊಳ್ಳಲು ಬರೆಯುತ್ತಿದ್ದೇನೆ ಎಂದುಕೊಳ್ಳಿ. ಮೊದಲನೆಯ ಮಾತು: ಇನ್ನು ಒಂದೇ ಒಂದು ಪ್ಲಗಿನ್ ಹಾಕಬೇಡಿ. ಎರಡನೆಯದು: ಆ 31 ಅಂಕವನ್ನು ಸದ್ಯಕ್ಕೆ ಮರೆಯಿರಿ. ಬಿಳಿಯ ಪರದೆ ಅಷ್ಟು ಹೊತ್ತು ಇರುತ್ತದೆ ಎಂದರೆ ಚಿತ್ರ, ಸ್ಕ್ರಿಪ್ಟುಗಳ ಸರದಿ ಬಹುಶಃ ಇನ್ನೂ ಬಂದಿಲ್ಲ. ಸರ್ವರ್‌ನಿಂದ ಮೊದಲ ಬೈಟ್ ಹೊರಡುವುದಕ್ಕೇ ತಡವಾಗುತ್ತಿರಬೇಕು. ಅದು 0.8 ಸೆಕೆಂಡಿನೊಳಗೆ ಬರಬೇಕೆಂದು ಗೂಗಲ್ ಹೇಳುತ್ತದೆ.

ಈಗ ಪರೀಕ್ಷೆ. ಫೈಲ್ ಮ್ಯಾನೇಜರ್ ತೆರೆದು, ವರ್ಡ್‌ಪ್ರೆಸ್ ಇರುವ ಫೋಲ್ಡರ್‌ನಲ್ಲಿ ಎರಡು ಪುಟ್ಟ ಕಡತ ಇಡಿ. ಒಂದು ಬರೀ ಪಠ್ಯ ಕಡತ, ಅದರಲ್ಲಿ ‘ನಮಸ್ಕಾರ’ ಎಂಬ ಒಂದು ಪದ. ಇನ್ನೊಂದು ಅದೇ ಪದವನ್ನು ಮುದ್ರಿಸುವ ಒಂದೇ ಸಾಲಿನ ಪಿಎಚ್‌ಪಿ ಕಡತ (ವರ್ಡ್‌ಪ್ರೆಸ್ ಓಡುವುದು ಈ ಭಾಷೆಯಲ್ಲೇ). ಮೂರನೆಯದು ನಿಮ್ಮ ಬ್ಲಾಗಿನ ಯಾವುದಾದರೂ ಹಳೆಯ ಬರಹ. ಬ್ರೌಸರ್‌ನ ಖಾಸಗಿ ಕಿಟಕಿಯಲ್ಲಿ ಎಫ್12 ಒತ್ತಿ, ನೆಟ್‌ವರ್ಕ್ ವಿಭಾಗಕ್ಕೆ ಹೋಗಿ, ಮೂರನ್ನೂ ಒಂದೊಂದಾಗಿ ತೆರೆಯಿರಿ. ಮೊದಲ ಸಾಲಿನ ಮೇಲೆ ಕ್ಲಿಕ್ ಮಾಡಿದರೆ ಟೈಮಿಂಗ್ ಎಂಬಲ್ಲಿ ಸರ್ವರ್‌ನ ಉತ್ತರಕ್ಕೆ ಕಾದ ಸಮಯ ಕಾಣುತ್ತದೆ. ತಲಾ ಐದು ಸಲ ನೋಡಿ, ಮೊದಲನೆಯದನ್ನು ಬಿಟ್ಟು ಉಳಿದದ್ದನ್ನು ಬರೆದುಕೊಳ್ಳಿ.

ಪಠ್ಯ ಕಡತವೇ ನಿಧಾನವಾದರೆ ಯಂತ್ರ ಅಥವಾ ಜಾಲದ ದೋಷ, ಹೋಸ್ಟ್ ಬದಲಿಸಿ. ಪಠ್ಯ ಬೇಗ ಬಂದು ಒಂದೇ ಸಾಲಿನ ಪಿಎಚ್‌ಪಿ ನಿಧಾನವಾದರೆ ನಿಮ್ಮ ಖಾತೆಗೆ ಕೊಟ್ಟ ಪಿಎಚ್‌ಪಿ ಸಾಲುಗಟ್ಟಿ ನಿಂತಿದೆ. ಇವೆರಡೂ ಬೇಗ ಬಂದು ಬ್ಲಾಗಿನ ಪುಟ ಮಾತ್ರ ತೆವಳಿದರೆ, ಪಕ್ಕದವನನ್ನು ಬೈಯುವಂತಿಲ್ಲ, ತೊಂದರೆ ನಮ್ಮ ಮನೆಯೊಳಗೇ ಇದೆ.

ಖಾಸಗಿ ಕಿಟಕಿ ಎಂದು ಒತ್ತಿ ಹೇಳಲು ಕಾರಣವಿದೆ. ಲಾಗಿನ್ ಆದವರಿಗೆ ಕ್ಯಾಶ್ ಮಾಡಿದ ಪುಟ ಸಾಮಾನ್ಯವಾಗಿ ಸಿಗುವುದಿಲ್ಲ. ಲಾಗಿನ್ ಆಗಿಯೇ ತಾಣ ಅಳೆದು, ಕ್ಯಾಶ್ ಕೆಲಸ ಮಾಡುವುದಿಲ್ಲ ಎಂದು ನಮ್ಮೊಡನೆ ಜಗಳಕ್ಕೆ ಬಂದವರ ಲೆಕ್ಕವಿಲ್ಲ. ಅಳೆದು ಮುಗಿದ ಮೇಲೆ ಅದೇ ಕಿಟಕಿಯಲ್ಲಿ ಹೆಡರ್ಸ್ ಎಂಬುದನ್ನೂ (ಪುಟದ ಜೊತೆ ಸರ್ವರ್ ಕಳಿಸುವ ಟಿಪ್ಪಣಿಗಳು) ನೋಡಿ, ವಿಚಿತ್ರವಾದದ್ದು ಕಂಡರೆ ಇಲ್ಲಿ ಬರೆಯಿರಿ.

ಇರುಳುಗಣ್ಣು

ನಿನ್ನೆ ಮೋಡ ಕವಿದಿತ್ತು, ಹಾಗಾಗಿ ಇಡೀ ರಾತ್ರಿ ಇದಕ್ಕೇ ಕೊಟ್ಟೆ.

ಪಠ್ಯ ಕಡತ 0.07 ಸೆಕೆಂಡು. ಒಂದು ಸಾಲಿನ ಪಿಎಚ್‌ಪಿ 0.11. ಬ್ಲಾಗಿನ ಬರಹ 2.9, ಒಮ್ಮೊಮ್ಮೆ 3.4. ಅಂದರೆ ಮನೆಯೊಳಗಿನ ಕಳ್ಳನೇ.

ಹೆಡರ್‌ಗಳಲ್ಲಿ ಕಂಡದ್ದು: ಸರ್ವರ್ ಎಂಬಲ್ಲಿ ಎನ್‌ಜಿನ್‌ಎಕ್ಸ್. ಕ್ಯಾಶ್‌ನ ಸ್ಥಿತಿ ಹೇಳುವ ಸಾಲಿನಲ್ಲಿ ಎಷ್ಟು ಸಲ ನೋಡಿದರೂ ‘ಮಿಸ್’, ಅಂದರೆ ಪ್ರತಿ ಸಿಗಲಿಲ್ಲ. ಪಿಎಚ್‌ಪಿ ಸೆಷನ್ ಎಂಬ ಹೆಸರಿನ ಒಂದು ಕುಕಿ. ಇನ್ನೊಂದು ಸಾಲು ನೋಡಿ ತಲೆ ಕೆರೆದುಕೊಂಡೆ. ‘ಎಕ್ಸ್‌ಪೈರ್ಸ್’ ಎಂಬಲ್ಲಿ 1981ರ ನವೆಂಬರ್ 19, ಬೆಳಗ್ಗೆ 8 ಗಂಟೆ 52 ನಿಮಿಷ ಎಂದಿದೆ. 2014ರಲ್ಲಿ ಹುಟ್ಟಿದ ಬ್ಲಾಗಿನ ಪುಟ 1981ರಲ್ಲೇ ಅವಧಿ ಮೀರಿದ್ದು ಹೇಗೆ? ಹಳೆಯ ಬೆಳಕು ತಡವಾಗಿ ಬಂದು ತಲುಪುವುದು ನಮ್ಮ ಕ್ಷೇತ್ರದಲ್ಲಿ ಮಾಮೂಲು, ಆದರೆ ಇದು ಅತಿಯಾಯಿತು.

ಬೇರೊಂದೆಡೆ ಓದಿ ಕ್ವೆರಿ ಮಾನಿಟರ್ ಎಂಬ ಪ್ಲಗಿನ್ ಹಾಕಿದೆ (ಕ್ಷಮಿಸಿ, ಹಾಕಬೇಡಿ ಎಂದಿದ್ದಿರಿ). ಒಂದು ಪುಟಕ್ಕೆ 214 ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ಎನ್ನುತ್ತದೆ. ವರ್ಡ್‌ಪ್ರೆಸ್‌ನ ಸೈಟ್ ಹೆಲ್ತ್ ಪುಟ, ಆಟೋಲೋಡ್ ಆಗುವ ಆಯ್ಕೆಗಳು 5.1 ಎಂಬಿ ಇವೆ ಎಂದು ಎಚ್ಚರಿಸುತ್ತಿದೆ. ಪಿಎಚ್‌ಪಿ ಆವೃತ್ತಿ 7.4.

ಲಾಗ್‌ಪುಸ್ತಕ

ಕ್ವೆರಿ ಮಾನಿಟರ್ ಹಾಕಿದ್ದಕ್ಕೆ ಕ್ಷಮೆ ಇದೆ. ಕೆಲಸ ಮುಗಿದ ಮೇಲೆ ತೆಗೆದರಾಯಿತು.

ಆ 1981ರ ದಿನಾಂಕ ಇಡೀ ಕಥೆಯನ್ನು ಹೇಳುತ್ತಿದೆ. ಪಿಎಚ್‌ಪಿಯಲ್ಲಿ ಯಾವುದಾದರೂ ಪ್ರೋಗ್ರಾಂ ಸೆಷನ್ (ಬಂದವರನ್ನು ಕುಕಿಯಿಂದ ಗುರುತಿಡುವ ಏರ್ಪಾಡು) ಶುರುಮಾಡಿದರೆ, ಈ ಪುಟವನ್ನು ಯಾರೂ ಇಟ್ಟುಕೊಳ್ಳಬೇಡಿ ಎಂದು ಸಾರಲು ಪಿಎಚ್‌ಪಿ ತಾನಾಗಿಯೇ ಕಳಿಸುವ ದಿನಾಂಕ ಅದು, ನಿಮಿಷದ ಸಮೇತ. ವರ್ಡ್‌ಪ್ರೆಸ್ಸೇ ಕ್ಯಾಶ್ ಬೇಡ ಎಂದು ಹೇಳುವಾಗ ಕಳಿಸುವ ದಿನಾಂಕ ಬೇರೆ, 1984ರ ಜನವರಿ 11. ಹಾಗಾಗಿ 1981 ಕಂಡರೆ ಯಾವುದೋ ಪ್ಲಗಿನ್ ಅಥವಾ ಥೀಮ್ ಸೆಷನ್ ತೆರೆದು ಕುಳಿತಿದೆ ಎಂದು ಅರ್ಥ. ರಾತ್ರಿಪಾಳಿಯಲ್ಲಿ ನನಗೆ ಈ ಎರಡು ದಿನಾಂಕಗಳು ಮನೆಯವರ ಹುಟ್ಟುಹಬ್ಬಕ್ಕಿಂತ ಚೆನ್ನಾಗಿ ನೆನಪಿದ್ದವು.

ನಿಮ್ಮ ಹೋಸ್ಟ್ ತಾಣದ ಮುಂದೆ ಎನ್‌ಜಿನ್‌ಎಕ್ಸ್ ಇಟ್ಟಿದ್ದಾರೆ. ಅದರ ಕ್ಯಾಶ್ ಚಾಲೂ ಇದೆ. ಒಮ್ಮೆ ತಯಾರಾದ ಪುಟದ ಪ್ರತಿ ಇಟ್ಟುಕೊಂಡು, ಮುಂದೆ ಬಂದವರಿಗೆ ಪಿಎಚ್‌ಪಿಯನ್ನು ಎಬ್ಬಿಸದೆ ಅದನ್ನೇ ಕೊಡುವುದು ಅದರ ಕೆಲಸ. ಆದರೆ ಕುಕಿ ಹೊತ್ತು ಬಂದ ಪುಟವನ್ನಾಗಲಿ, ಇಟ್ಟುಕೊಳ್ಳಬೇಡಿ ಎಂದ ಪುಟವನ್ನಾಗಲಿ ಅದು ಮುಟ್ಟುವುದಿಲ್ಲ, ಮುಟ್ಟಲೂ ಬಾರದು. ಹೀಗಾಗಿ 612 ಬರಹಗಳಲ್ಲಿ ಯಾವುದನ್ನು ಯಾರು ತೆರೆದರೂ ಪ್ರತಿಸಲ ಮೊದಲಿನಿಂದ ಕೈಯಲ್ಲಿ ಬರೆದು ಕೊಡುವ ಪಾಡು. ಅಚ್ಚುಮೊಳೆ ಪಕ್ಕದಲ್ಲೇ ಬಿದ್ದಿದೆ.

ಸೆಷನ್ ತೆರೆಯುವುದು ಯಾರು? ಬರಹದ ಕೆಳಗೆ ‘ಇಷ್ಟು ಜನ ಓದಿದ್ದಾರೆ’ ಎಂದು ತೋರಿಸುವ ಎಣಿಕೆಯ ಪ್ಲಗಿನ್ ಇದೆಯೇ ನೋಡಿ. ನನ್ನ ಅನುಮಾನ ಮೊದಲು ಅಲ್ಲಿಗೇ. ಹೆಲ್ತ್ ಚೆಕ್ ಎಂಬ ಪ್ಲಗಿನ್‌ನ ದೋಷಪತ್ತೆ ವಿಧಾನದಲ್ಲಿ ಉಳಿದ ಪ್ಲಗಿನ್‌ಗಳನ್ನು ನಿಮ್ಮ ಕಣ್ಣಿಗೆ ಮಾತ್ರ ನಿಲ್ಲಿಸಬಹುದು, ಓದುಗರಿಗೆ ಏನೂ ತಿಳಿಯುವುದಿಲ್ಲ. ಅಲ್ಲಿ ಒಂದೊಂದೇ ಚಾಲೂ ಮಾಡುತ್ತಾ ಆ ಕುಕಿ ಯಾವಾಗ ಬರುತ್ತದೆ ನೋಡಿ. ಓದುಗರ ಎಣಿಕೆ ಬೇಕೇ ಬೇಕಾದರೆ ಸಿಪ್ಯಾನೆಲ್‌ನಲ್ಲಿ ಸಾಮಾನ್ಯವಾಗಿ ಆಸ್ಟಾಟ್ಸ್ ಇರುತ್ತದೆ, ಲಾಗ್ ಓದಿ ಲೆಕ್ಕ ಹಾಕುತ್ತದೆ, ಪುಟದ ಮೇಲೆ ಭಾರವಿಲ್ಲ.

ಎನ್‌ಜಿನ್‌ಎಕ್ಸ್‌ನ ಕ್ಯಾಶ್ ಹೀಗೆ ಕೆಟ್ಟರೆ, ಒಳಗಿನ ಎರಡು ಪ್ಲಗಿನ್‌ಗಳೇಕೆ ಕೈಕೊಟ್ಟವು? ಅವುಗಳ ಜಗಳದಿಂದ. ಕಂಟೆಂಟ್ ಫೋಲ್ಡರ್‌ನಲ್ಲಿ ‘ಅಡ್ವಾನ್ಸ್ಡ್-ಕ್ಯಾಶ್’ ಎಂಬ ಒಂದು ಕಡತ ಇರುತ್ತದೆ. ಅದು ಒಂದೇ ಇರಲು ಸಾಧ್ಯ. ಎರಡು ಪ್ಲಗಿನ್‌ಗಳು ಅದಕ್ಕಾಗಿ ಕಿತ್ತಾಡುತ್ತವೆ, ಎಷ್ಟೋ ಸಲ ಎಂದೋ ತೆಗೆದುಹಾಕಿದ ಮೂರನೆಯದರ ಕಡತ ಅಲ್ಲೇ ಉಳಿದು ಇಬ್ಬರಿಗೂ ಬಾಗಿಲು ಹಾಕಿರುತ್ತದೆ. ಎರಡನ್ನೂ ತೆಗೆಯಿರಿ, ಆ ಕಡತವನ್ನೂ ಅಳಿಸಿ, ಒಂದನ್ನು ಮಾತ್ರ ಮತ್ತೆ ಹಾಕಿ. ಡಬ್ಲ್ಯುಪಿ ಸೂಪರ್ ಕ್ಯಾಶ್ ನಿಮ್ಮ ಅಗತ್ಯಕ್ಕೆ ಸಾಕು. ಕಡತಗಳನ್ನು ಸೇರಿಸಿ ಒಂದಾಗಿಸುವ ಪ್ಲಗಿನ್ನನ್ನಂತೂ ಇವತ್ತೇ ಕಿತ್ತುಹಾಕಿ. ಎಚ್‌ಟಿಟಿಪಿ 2 ಬಂದ ಮೇಲೆ ಹತ್ತಾರು ಸಣ್ಣ ಕಡತಗಳು ಒಂದೇ ಸಂಪರ್ಕದಲ್ಲಿ ಒಟ್ಟಿಗೆ ಬರುತ್ತವೆ. ಸೇರಿಸಿ ಸಿಗುವ ಲಾಭ ಅಲ್ಪ, ಮೆನು ಮುರಿಯುವ ಅಪಾಯ ಹೆಚ್ಚು.

508ರ ಅರ್ಥವನ್ನು ನಿಮ್ಮ ಹೋಸ್ಟ್ ಹೇಳಬೇಕಿತ್ತು. ಷೇರ್ಡ್ ಹೋಸ್ಟಿಂಗ್‌ನಲ್ಲಿ ಪ್ರತಿ ಖಾತೆಗೂ ಏಕಕಾಲಕ್ಕೆ ಒಳಗೆ ಬಿಡುವ ಕೋರಿಕೆಗಳಿಗೆ ಮಿತಿ ಇರುತ್ತದೆ. ಸಿಪ್ಯಾನೆಲ್‌ನ ರಿಸೋರ್ಸ್ ಯೂಸೇಜ್ ಪುಟದಲ್ಲಿ ಎಂಟ್ರಿ ಪ್ರೊಸೆಸ್ ಎಂಬ ಹೆಸರಿನಲ್ಲಿ ಕಾಣುತ್ತದೆ. ಅದು 20 ಎಂದಿಟ್ಟುಕೊಳ್ಳಿ. ಒಂದೊಂದು ಪುಟ 2.9 ಸೆಕೆಂಡು ಕುರ್ಚಿ ಬಿಡದಿದ್ದರೆ ಸೆಕೆಂಡಿಗೆ ಏಳು ಪುಟಕ್ಕಿಂತ ಹೆಚ್ಚು ಸಾಧ್ಯವಿಲ್ಲ. ಅಷ್ಟರಲ್ಲಿ ಸಿಪಿಯು ಮಿತಿಯನ್ನೂ ಮುಟ್ಟಿದರೆ ಸರ್ವರ್ ದೋಷ ತೋರಿಸುವುದಿಲ್ಲ, ನಿಮ್ಮನ್ನು ನಿಧಾನಗೊಳಿಸುತ್ತದೆ. ನಿಧಾನವಾದಷ್ಟೂ ಕುರ್ಚಿ ಖಾಲಿಯಾಗುವುದು ತಡ. ಕೊನೆಗೆ 508. ಗ್ರಹಣದ ರಾತ್ರಿ ಆದದ್ದು ಇದೇ. ದೊಡ್ಡ ಪ್ಲಾನ್ ಎಂದರೆ ಇನ್ನಷ್ಟು ಕುರ್ಚಿಗಳು. ಕ್ಯಾಶ್ ಎಂದರೆ ಬಂದವರು ಕೂರಲೇಬೇಕಾಗಿಲ್ಲ.

ಆಟೋಲೋಡ್ 5.1 ಎಂಬಿ ಎಂಬುದೂ ಸಣ್ಣ ಸಂಗತಿಯಲ್ಲ. ಕ್ಯಾಶ್ ಇಲ್ಲದ ಪ್ರತಿ ಕೋರಿಕೆಗೂ ವರ್ಡ್‌ಪ್ರೆಸ್ ಅಷ್ಟನ್ನೂ ಡೇಟಾಬೇಸ್‌ನಿಂದ ಎತ್ತಿ ನೆನಪಿಗೆ ತುಂಬಿಕೊಳ್ಳುತ್ತದೆ. 2024ರಲ್ಲಿ ಬಂದ 6.6ನೇ ಆವೃತ್ತಿಯಿಂದ ಸೈಟ್ ಹೆಲ್ತ್ ಇದನ್ನು ನೋಡುತ್ತದೆ, 800 ಕೆಬಿ ದಾಟಿದರೆ ಎಚ್ಚರಿಸುತ್ತದೆ. ಪಿಎಚ್‌ಪಿಮೈಅಡ್ಮಿನ್‌ನಲ್ಲಿ (ಡೇಟಾಬೇಸ್ ಒಳಗೆ ನೋಡುವ ಸಾಧನ) ಆಯ್ಕೆಗಳ ಕೋಷ್ಟಕ ತೆರೆದು ಗಾತ್ರದಲ್ಲಿ ದೊಡ್ಡ ಹತ್ತನ್ನು ಪಟ್ಟಿಮಾಡಿ. ಜಾಲದಲ್ಲಿ ಸಿಗುವ ಹಳೆಯ ಸೂತ್ರಗಳು ಆಟೋಲೋಡ್ ಕಾಲಂನಲ್ಲಿ ‘ಯೆಸ್’ ಎಂದಿರುವುದನ್ನಷ್ಟೇ ಎಣಿಸುತ್ತವೆ. 6.6ರಿಂದ ಅಲ್ಲಿ ‘ಆನ್’, ‘ಆಟೊ’ ಎಂಬ ಬೆಲೆಗಳೂ ಬರುತ್ತವೆ, ಅವನ್ನೂ ಸೇರಿಸಿ. ಸತ್ತ ಪ್ಲಗಿನ್‌ಗಳ ಆಸ್ತಿಯೇ ಮುಕ್ಕಾಲು ಇರುತ್ತದೆ. ಅಳಿಸುವ ಮುನ್ನ ಡೇಟಾಬೇಸ್‌ನ ಬ್ಯಾಕಪ್. ಇದನ್ನು ಎರಡನೆಯ ಸಲ ಹೇಳುವುದಿಲ್ಲ.

ಉಳಿದದ್ದು ಬೇಗ ಹೇಳುತ್ತೇನೆ. ಪಿಎಚ್‌ಪಿ 7.4ಕ್ಕೆ ಭದ್ರತಾ ಬೆಂಬಲ 2022ರ ನವೆಂಬರ್‌ನಲ್ಲೇ ನಿಂತಿದೆ, 8.3ಕ್ಕೆ ಏರಿಸಿ. ಥೀಮ್ ಹಳೆಯದಾದರೆ ಮುರಿಯಬಹುದು, ಮುರಿದರೆ ತಕ್ಷಣ ಹಿಂದಕ್ಕೆ ತರಬಹುದು. ವರ್ಡ್‌ಪ್ರೆಸ್‌ನ ಕ್ರಾನ್ (ನಿಗದಿತ ಹೊತ್ತಿನ ಕೆಲಸ ಮಾಡಿಸುವ ಏರ್ಪಾಡು) ಓದುಗರು ಬಂದಾಗಲೆಲ್ಲ ತನ್ನ ಕೆಲಸಪಟ್ಟಿ ನೋಡಿಕೊಳ್ಳುತ್ತದೆ. ಅದನ್ನು ಕಾನ್ಫಿಗ್ ಕಡತದಲ್ಲಿ ನಿಲ್ಲಿಸಿ, ಸಿಪ್ಯಾನೆಲ್‌ನ ಕ್ರಾನ್‌ನಿಂದ 15 ನಿಮಿಷಕ್ಕೊಮ್ಮೆ ಓಡಿಸಿ. ರಾ ಆ್ಯಕ್ಸೆಸ್ ಲಾಗ್ ಇಳಿಸಿಕೊಂಡು ಎಕ್ಸ್‌ಎಂಎಲ್-ಆರ್‌ಪಿಸಿ ಕಡತಕ್ಕೆ (ಹೊರಗಿನ ಆ್ಯಪ್‌ಗಳು ವರ್ಡ್‌ಪ್ರೆಸ್‌ನೊಡನೆ ಮಾತಾಡುವ ದಾರಿ) ಎಷ್ಟು ಬಡಿತ ಬಿದ್ದಿದೆ ನೋಡಿ. ಪಾಸ್‌ವರ್ಡ್ ಊಹಿಸುವ ಬಾಟ್‌ಗಳಿಗೆ ಅದು ಪ್ರೀತಿಯ ಬಾಗಿಲು, ಕ್ಯಾಶ್ ಅಲ್ಲಿ ನೆರವಿಗೆ ಬರುವುದಿಲ್ಲ. ಜೆಟ್‌ಪ್ಯಾಕ್ ಅಥವಾ ಮೊಬೈಲ್ ಆ್ಯಪ್ ಬಳಸುವುದಿಲ್ಲವಾದರೆ ಮುಚ್ಚಿಬಿಡಿ.

ಒತ್ತಕ್ಷರ

ಲಾಗ್‌ಪುಸ್ತಕ ಅವರು ಸರ್ವರ್ ಬದಿಯನ್ನು ಹೇಳಿದ್ದಾರೆ. ಮೊದಲ ಬೈಟ್ ಬಂದ ಮೇಲಿನ ಕಥೆ ನನ್ನದು.

ನಕ್ಷತ್ರದ ಫೋಟೊಗಳು ಕಪ್ಪಗಿದ್ದರೂ ಹಗುರವಲ್ಲ. ಹೆಚ್ಚಿನ ಐಎಸ್‌ಒದಲ್ಲಿ ತೆಗೆದ ಕತ್ತಲೆಯ ತುಂಬ ಕಾಳುಕಾಳಾದ ಗದ್ದಲವಿರುತ್ತದೆ, ಅದನ್ನು ಜೆಪಿಇಜಿ ಕುಗ್ಗಿಸಲಾರದು. ಗದ್ದಲ ತಗ್ಗಿಸಿ ಆಮೇಲೆ ಕುಗ್ಗಿಸಿದರೆ ಗಾತ್ರ ತಾನಾಗಿಯೇ ಇಳಿಯುತ್ತದೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ 6000 ಪಿಕ್ಸೆಲ್ ಅಗಲ. ನಿಮ್ಮ ಬರಹದ ಅಂಕಣ ಹೆಚ್ಚೆಂದರೆ 800. 2019ರ ನವೆಂಬರ್‌ನಲ್ಲಿ ಬಂದ ವರ್ಡ್‌ಪ್ರೆಸ್ 5.3ರಿಂದ ದೊಡ್ಡ ಚಿತ್ರಗಳನ್ನು 2560 ಪಿಕ್ಸೆಲ್‌ಗೆ ಇಳಿಸುವ ಏರ್ಪಾಡಿದೆ. ನಿಮ್ಮ ಮೊದಲ ಐದು ವರ್ಷದ ಚಿತ್ರಗಳಿಗೆ ಆ ಭಾಗ್ಯವಿಲ್ಲ. 612ನ್ನೂ ತಿದ್ದಲು ಕೂರಬೇಡಿ. ಹೆಚ್ಚು ಓದುವ ಇಪ್ಪತ್ತು ಬರಹಗಳನ್ನು ಆರಿಸಿ, ಅವುಗಳ ಚಿತ್ರಗಳನ್ನು ಮಾತ್ರ 1600 ಪಿಕ್ಸೆಲ್ ಅಗಲದ, ಹಗುರ ಚಿತ್ರರೂಪವಾದ ವೆಬ್‌ಪಿ ಮಾಡಿ. ಬರಹದ ಮೇಲ್ಭಾಗದ ಮೊದಲ ಚಿತ್ರಕ್ಕೆ ಲೇಜಿ ಲೋಡ್ (ಕಣ್ಣಿಗೆ ಬೀಳುವ ಹೊತ್ತಿಗಷ್ಟೇ ಇಳಿಸುವುದು) ಬೇಡ. ತೆರೆದ ಕೂಡಲೇ ಕಾಣಬೇಕಾದದ್ದನ್ನೇ ತಡಮಾಡಿದಂತಾಗುತ್ತದೆ.

ಇನ್ನು ಫಾಂಟ್. ಕನ್ನಡದ ಫಾಂಟ್ ಕಡತಗಳು ರೋಮನ್ ಲಿಪಿಯವಕ್ಕಿಂತ ಭಾರ, ಒತ್ತು ಗುಣಿತಗಳ ಆಕೃತಿಗಳನ್ನೆಲ್ಲ ಹೊರಬೇಕಲ್ಲ. ಎಷ್ಟು ದಪ್ಪಗಳನ್ನು ಇಳಿಸುತ್ತಿದ್ದೀರಿ? ಸಾಮಾನ್ಯ ಮತ್ತು ಬೋಲ್ಡ್, ಎರಡು ಸಾಕು. ವೊಫ್2 ಎಂಬ ಹಗುರ ಫಾಂಟ್ ರೂಪದಲ್ಲಿ ನಿಮ್ಮ ಸರ್ವರ್‌ನಲ್ಲೇ ಇಡಿ, ಫಾಂಟ್ ಬರುವವರೆಗೆ ಮೊಬೈಲ್‌ನ ಸ್ವಂತ ಅಕ್ಷರ ಕಾಣುವಂತೆ ಸ್ವಾಪ್ ಎಂದು ಹೊಂದಿಸಿ. ಫಾಂಟನ್ನು ಕತ್ತರಿಸಿ ಹಗುರ ಮಾಡುವ ಸಾಧನಗಳನ್ನು ನಂಬಿ ನಾನೊಮ್ಮೆ ಕೆಟ್ಟೆ. ಅಕ್ಷರ ಜೋಡಿಸುವ ನಿಯಮಗಳ ಕೋಷ್ಟಕವೇ ಕತ್ತರಿಸಿಹೋಗಿ ‘ನಕ್ಷತ್ರ’ದ ಒತ್ತುಗಳೆಲ್ಲ ಬಿಡಿಬಿಡಿಯಾಗಿ ನಿಂತವು. ನನ್ನ ಹೆಸರಿನ ಮೂಲ ಅದೇ.

ಇರುಳುಗಣ್ಣು

ಹನ್ನೊಂದು ದಿನಗಳ ವರದಿ.

ಅಪರಾಧಿ ಎಣಿಕೆಯ ಪ್ಲಗಿನ್ನೇ. ತೆಗೆದ ಮರುಕ್ಷಣ 1981 ಮಾಯವಾಯಿತು. ಎರಡನೆಯ ಸಲ ಪುಟ ತೆರೆದಾಗ ‘ಹಿಟ್’ ಎಂದು ಕಂಡಿತು. ಹೊಸ ಗ್ರಹ ಕಂಡುಹಿಡಿದಷ್ಟು ಖುಷಿ. ಮೊದಲ ಬೈಟ್ ಈಗ 0.12 ಸೆಕೆಂಡು. ಕ್ಯಾಶ್ ಇಲ್ಲದ ಪುಟಕ್ಕೂ 0.7.

ಆಟೋಲೋಡ್‌ನ 5.1 ಎಂಬಿಯಲ್ಲಿ 3.6 ಎಂಬಿ ಒಂದೇ ಸಾಲಿನದು. ‘ಸಂಬಂಧಿತ ಬರಹಗಳು’ ತೋರಿಸುವ ಪ್ಲಗಿನ್ ಒಂದನ್ನು ನಾಲ್ಕು ವರ್ಷದ ಹಿಂದೆ ತೆಗೆದಿದ್ದೆ. ಅದು ಹೋಗುವಾಗ ಗಂಟುಮೂಟೆ ಇಲ್ಲೇ ಬಿಟ್ಟಿತ್ತು. ಈಗ ಒಟ್ಟು 640 ಕೆಬಿ. ಪ್ಲಗಿನ್‌ಗಳು 34ರಿಂದ 19ಕ್ಕೆ ಇಳಿದಿವೆ, ಕ್ವೆರಿಗಳು 61ಕ್ಕೆ. ಅಡ್ವಾನ್ಸ್ಡ್-ಕ್ಯಾಶ್ ಕಡತ ನೀವು ಹೇಳಿದಂತೆ ಮೂರನೆಯ ಪ್ಲಗಿನ್‌ನದಾಗಿತ್ತು, ಅದನ್ನು ಹಾಕಿದ್ದ ನೆನಪೂ ನನಗಿಲ್ಲ. ಲಾಗ್ ತೆರೆದು ನೋಡಿ ಬೆಚ್ಚಿಬಿದ್ದೆ. ಒಂದೇ ದಿನದಲ್ಲಿ ಎಕ್ಸ್‌ಎಂಎಲ್-ಆರ್‌ಪಿಸಿಗೆ 9,000ಕ್ಕೂ ಹೆಚ್ಚು ಬಡಿತ. ನನ್ನ ಓದುಗರಿಗಿಂತ ಕಳ್ಳರೇ ನಿಷ್ಠಾವಂತರು.

ಒಂದು ಎಡವಟ್ಟೂ ಆಯಿತು. ಕ್ರಾನ್ ನಿಲ್ಲಿಸಿದೆ, ಸಿಪ್ಯಾನೆಲ್‌ನಲ್ಲಿ ಕಡತದ ದಾರಿ ತಪ್ಪಾಗಿ ಬರೆದೆ. ಬೆಳಗ್ಗೆ 6ಕ್ಕೆ ಪ್ರಕಟವಾಗಬೇಕಿದ್ದ ಬರಹ ಮಧ್ಯಾಹ್ನದವರೆಗೂ ‘ವೇಳೆ ತಪ್ಪಿದೆ’ ಎಂದು ಕುಳಿತಿತ್ತು. ಆಮೇಲೆ ಸರಿಪಡಿಸಿದೆ.

ಫಾಂಟ್ ಐದು ದಪ್ಪಗಳಲ್ಲಿ ಇಳಿಯುತ್ತಿತ್ತು, ಎರಡಕ್ಕೆ ತಂದೆ. ಚಿತ್ರಗಳು ಇಪ್ಪತ್ತರಲ್ಲಿ ಹನ್ನೆರಡು ಬರಹಗಳದು ಮುಗಿದಿದೆ. ಒತ್ತಕ್ಷರ ಅವರೇ, ಗದ್ದಲ ತಗ್ಗಿಸಿದಾಗ ಮಸುಕಾದ ಕೆಲವು ನಕ್ಷತ್ರಗಳೂ ಅಳಿಸಿಹೋಗುತ್ತವೆ, ಅದೊಂದು ಸಂಕಟ. ಅಂತಹ ಚಿತ್ರಗಳಿಗೆ ಮೂಲದ ಕೊಂಡಿ ಕೊಟ್ಟಿದ್ದೇನೆ.

ಹುಡುಕಾಟದ ಪುಟ ಮಾತ್ರ ಇನ್ನೂ ಒಂದು ಸೆಕೆಂಡು ಕೇಳುತ್ತದೆ. ಮುಂದಿನ ಗ್ರಹಣಕ್ಕೆ ತಡೆದುಕೊಳ್ಳುತ್ತದೆಯೇ?

ಲಾಗ್‌ಪುಸ್ತಕ

ಹುಡುಕಾಟ ಪ್ರತಿಯೊಬ್ಬರಿಗೂ ಬೇರೆ ಬೇರೆ, ಅದು ಹಾಗೆಯೇ ಇರಲಿ. ಗ್ರಹಣದ ರಾತ್ರಿ ಜನ ಹುಡುಕಲು ಬರುವುದಿಲ್ಲ, ಒಂದೇ ಪುಟಕ್ಕೆ ಬರುತ್ತಾರೆ.

ನಿಮ್ಮ ಭಯ ಬೇರೆ ಕಡೆ ಇರಬೇಕು. ಆ ರಾತ್ರಿ ಹತ್ತು ನಿಮಿಷಕ್ಕೊಮ್ಮೆ ಬರಹಕ್ಕೆ ಹೊಸ ಸಾಲು ಸೇರಿಸುತ್ತೀರಿ ತಾನೆ? ತಾಣದ ಮುಂದಿರುವ ಎನ್‌ಜಿನ್‌ಎಕ್ಸ್‌ಗೆ ನೀವು ತಿದ್ದಿದ್ದು ತಾನಾಗಿ ತಿಳಿಯದಿರಬಹುದು, ಸಿಪ್ಯಾನೆಲ್‌ನಿಂದ ಅದರ ಕ್ಯಾಶ್ ಖಾಲಿ ಮಾಡಬೇಕಾಗುತ್ತದೆ. ಖಾಲಿಯಾದ ಆ ಗಳಿಗೆಯಲ್ಲಿ ಐವತ್ತು ಜನ ಒಟ್ಟಿಗೆ ಬಂದರೆ ಐವತ್ತೂ ಪಿಎಚ್‌ಪಿಗೆ ಬೀಳಬಹುದು. ಆದ್ದರಿಂದ ಅರ್ಧ ಗಂಟೆಗೊಮ್ಮೆ ಮಾತ್ರ ಸೇರಿಸಿ, ಖಾಲಿ ಮಾಡಿದ ಕೂಡಲೇ ಖಾಸಗಿ ಕಿಟಕಿಯಲ್ಲಿ ಪುಟವನ್ನು ನೀವೇ ಒಮ್ಮೆ ತೆರೆಯಿರಿ. ಮೊದಲ ಪ್ರತಿ ನಿಮ್ಮ ಕೈಯಿಂದಲೇ ಅಚ್ಚಾಗಲಿ.

ಇರುಳುಗಣ್ಣು

ಆ ಹೊತ್ತಿಗೆ ನನ್ನ ಕಣ್ಣು ದೂರದರ್ಶಕದಲ್ಲಿರುತ್ತದೆ. ಕಿಟಕಿ ತೆರೆಯುವ ಕೆಲಸಕ್ಕೆ ತಂಗಿಯನ್ನು ಕೂರಿಸುತ್ತೇನೆ. ಅವಳಿಗೆ ಗ್ರಹಣ ನೋಡುವ ಆಸಕ್ತಿ ಹೇಗೂ ಇಲ್ಲ.